ಇನ್ನೊಬ್ಬ ಸುನಂದಾಳ ವರದಿ ಹಿಡಿದು ಪುಣೆಗೆ

ಇಂಡಿಯಿಂದ ಸೊಲ್ಲಾಪುರದ ಬಸ್ಸು ಬೆಳಗಿನ ಆರಕ್ಕೆ ಹೊರಟಿತು. ರಜೆ ಅರ್ಜಿಯಲ್ಲಿ ‘ವೈದ್ಯಕೀಯ ಕಾರಣ’ ಎಂದು ಬರೆದು ಬಂದಿದ್ದೆ. ಅದು ನಿಜವೋ ಸುಳ್ಳೋ ನನಗೇ ತಿಳಿಯದು. ಕಾಯಿಲೆಯೇನೋ ಇತ್ತು, ಆದರೆ ನನ್ನದಲ್ಲ.

ನಾನು ಇಂಡಿ ಪಟ್ಟಣದ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಎರಡು ವಾರಗಳ ಹಿಂದೆ ಅಲ್ಲಿಯೇ ಕುಳಿತಿದ್ದಾಗ ಮೊಬೈಲಿಗೆ ಸಂದೇಶ ಬಂತು: ನಿಮ್ಮ ಆರೋಗ್ಯ ಖಾತೆಗೆ ಹೊಸ ವರದಿ ಸೇರಿದೆ. ತೆರೆದರೆ ಸ್ಕ್ಯಾನಿಂಗ್ ವರದಿ. ಸುನಂದಾ ಪಾಟೀಲ, ಎಡ ಸ್ತನದಲ್ಲಿ ಗಂಟು, ತಡಮಾಡದೆ ಸೂಜಿ ಪರೀಕ್ಷೆ ಮಾಡಿಸಬೇಕು. ಹೆಸರು ನನ್ನದೇ. ಆದರೆ ಅಂಥ ಸ್ಕ್ಯಾನಿಂಗ್ ನಾನು ಎಂದೂ ಮಾಡಿಸಿದವಳಲ್ಲ. ವಯಸ್ಸು ನಲವತ್ಮೂರು ಎಂದಿತ್ತು, ನನಗೆ ಐವತ್ತೆರಡು. ಇಷ್ಟು ಗೊತ್ತಿದ್ದೂ ಮನೆಗೆ ಹೋದ ಕೂಡಲೇ ಬಚ್ಚಲಿನ ಬಾಗಿಲು ಹಾಕಿಕೊಂಡು ಎದೆ ಮುಟ್ಟಿ ನೋಡಿಕೊಂಡೆ.

ಹೋದ ವರ್ಷ ಪುಣೆಯ ಭೋಸರಿಯಲ್ಲಿರುವ ತಮ್ಮ ಬಸವರಾಜನ ಮನೆಗೆ ಹೋದಾಗ ಜ್ವರ ಬಂದು ಅಲ್ಲಿನ ಆಸ್ಪತ್ರೆಗೆ ತೋರಿಸಿದ್ದೆ. ಕೌಂಟರಿನವರು ನನ್ನ ಸರಕಾರಿ ಆರೋಗ್ಯ ಖಾತೆಯ ಸಂಖ್ಯೆ ಜೋಡಿಸಿಕೊಂಡಿದ್ದರು. ಈಗ ಅದೇ ಹೆಸರಿನ ಬೇರೆಯವಳ ವರದಿಯನ್ನು ಯಾರೋ ನನ್ನ ಖಾತೆಗೆ ಹಾಕಿದ್ದಾರೆಂದು ಊಹಿಸಿದೆ. ಆ ಆಸ್ಪತ್ರೆಗೆ ಮೂರು ಸಲ ಫೋನ್ ಮಾಡಿದೆ. ತೆಗೆಸಬೇಕಾದರೆ ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಬರಬೇಕು ಎಂದರು. ಆ ಹೆಂಗಸಿಗೆ ತಿಳಿಸಿದ್ದೀರಾ ಎಂದು ಕೇಳಿದರೆ, ಬೇರೆ ರೋಗಿಯ ಮಾಹಿತಿ ಹೇಳುವಂತಿಲ್ಲ, ನಿಯಮ ಎಂದರು.

ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ನಾಲ್ಕೂವರೆ ತಾಸು. ಕುರ್ಡುವಾಡಿ ದಾಟಿದ ಮೇಲೆ ವರದಿಯನ್ನು ಮತ್ತೆ ತೆರೆದೆ. ಪಕ್ಕದವರು ಇಣುಕಿದಂತೆನಿಸಿ ಮೊಬೈಲನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ನಾಚಿಕೆ ಯಾರ ಪರವಾಗಿ ಎಂದು ತಿಳಿಯಲಿಲ್ಲ. ದೌಂಡದಲ್ಲಿ ಬಿಸಿ ವಡಾಪಾವ್ ತಿಂದೆ. ಹೊರಗೆ ಕಬ್ಬಿನ ಹೊಲಗಳು, ಮಾಘದ ಚುರುಕು ಬಿಸಿಲು.

ಪುಣೆ ಸ್ಟೇಷನ್ನಿಗೆ ಬಸವರಾಜ ಬಂದಿದ್ದ. ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಅವನು ಲೇತ್ ನಡೆಸುತ್ತಾನೆ. ಬಸ್ಸಿನಲ್ಲಿ ಕೇಳಿದ, “ಅಕ್ಕಾ, ಇದೊಂದು ವರದಿ ಸಲುವಾಗಿ ಇಷ್ಟು ದೂರ ಬಂದೀ? ಅಳಿಸಿ ಬಿಡಬೇಕಿತ್ತು.”

“ಅಕಿಗೆ ಗೊತ್ತೇ ಇಲ್ಲದಿದ್ರ?”

“ಅದು ದವಾಖಾನಿಯವ್ರ ಕೆಲಸ.”

“ಅವ್ರಿಗೂ ಗೊತ್ತಿಲ್ಲದಿದ್ರ?”

ಅವನು ನನ್ನ ಚೀಲವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ.

ಮರುದಿನ ಒಂಬತ್ತಕ್ಕೇ ಆಸ್ಪತ್ರೆಯಲ್ಲಿದ್ದೆ. ದಾಖಲೆ ವಿಭಾಗದಲ್ಲಿ ಪ್ರಾಜಕ್ತಾ ಎಂಬ ಹುಡುಗಿ ಕುಳಿತಿದ್ದಳು. ಗಡಿಯವಳಾದ ನನಗೆ ಮರಾಠಿ ತೊಡಕಲ್ಲ, ಆದರೆ ಅವಳು ಹೇಳಿದ್ದು ಯಾವ ಭಾಷೆಯಲ್ಲೂ ಅರ್ಥವಾಗುವಂತಿರಲಿಲ್ಲ.

“ಮಾವಶಿ, ನಿಮ್ಮ ಖಾತೆಯಲ್ಲಿದೆ ಅಂದರೆ ವರದಿ ನಿಮ್ಮದೇ.”

“ನನ್ನದಲ್ಲ ಅಂತ ಹೇಳೋದಕ್ಕೇ ಬಂದೀನಿ.”

“ಸರಿ, ಹಾಗಾದರೆ ಒಟಿಪಿ ಹೇಳಿ. ತೆಗೆದುಬಿಡುತ್ತೇನೆ.”

“ತೆಗೆದ ಮೇಲೆ ಎಲ್ಲಿ ಹೋಗ್ತದ?”

“ನಿಮ್ಮ ಖಾತೆಯಿಂದ ಹೋಗುತ್ತದೆ.”

“ಆ ಸುನಂದಾನ ಖಾತೆಗೆ?”

“ಯಾವ ಸುನಂದಾ? ಕಂಪ್ಯೂಟರಿನಲ್ಲಿ ಈ ವರದಿಗೆ ಇರುವ ಸುನಂದಾ ನೀವೊಬ್ಬರೇ. ಇನ್ನೊಬ್ಬರಿದ್ದರೂ ಅವರ ಒಪ್ಪಿಗೆ ಇಲ್ಲದೆ ನಾನು ನಿಮಗೆ ಹೇಳುವಂತಿಲ್ಲ.”

ಅವಳ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ. ಸಿಗಲಿಲ್ಲ. ನನ್ನ ಕಾಯಿಲೆಯನ್ನು ಯಾರೋ ಅಪರಿಚಿತಳಿಗೆ ಹೇಳಿದ್ದರೆ ನಾನೇ ಜಗಳ ತೆಗೆಯುತ್ತಿದ್ದೆ. ಆದರೆ ಒಟಿಪಿ ಕೊಟ್ಟರೆ, ಆ ಹೆಂಗಸಿನ ಎದೆಯಲ್ಲಿ ಗಂಟಿದೆ ಎಂಬುದಕ್ಕೆ ಈ ಲೋಕದಲ್ಲಿ ಯಾವ ದಾಖಲೆಯೂ ಉಳಿಯುವುದಿಲ್ಲವಲ್ಲ! “ಅಕಿನ್ನ ಕರಸೋ ತನಕ ನಾ ಒಟಿಪಿ ಕೊಡೂದಿಲ್ಲ,” ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟು ಬೆಂಚಿನ ಮೇಲೆ ಕುಳಿತೆ. ಪ್ರಾಜಕ್ತಾ ಹಟ ಅರ್ಥಮಾಡಿಕೊಂಡಳು, ಮಾತಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳೇ ಎದ್ದು ಸ್ಕ್ಯಾನಿಂಗ್ ಕೋಣೆಗೆ ಹೋದಳು. ಅಲ್ಲಿನ ನರ್ಸಮ್ಮ ಹಳೆಯ ಪದ್ಧತಿಯವರು. ದಿನಾ ಬಂದವರ ಹೆಸರು, ವಯಸ್ಸು, ಫೋನ್ ನಂಬರು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಸುನಂದಾ ಪಾಟೀಲ, ನಲವತ್ಮೂರು. ಪ್ರಾಜಕ್ತಾ ನೋಟ್‌ಬುಕ್ ತಂದು, ನನಗೆ ಕಾಣದಂತೆ ಗೋಡೆಯ ಕಡೆ ತಿರುಗಿ ಫೋನ್ ಮಾಡಿದಳು. ಸ್ವಿಚ್ ಆಫ್. ಸಂಜೆಯವರೆಗೆ ಐದು ಸಲ ಮಾಡಿದಳು. “ಕಂಪನಿಯಲ್ಲಿ ಕೆಲಸಕ್ಕೆ ಹೋಗುವವರಿರಬೇಕು, ಗೇಟಿನಲ್ಲೇ ಫೋನ್ ತೆಗೆದಿಟ್ಟುಕೊಳ್ಳುತ್ತಾರೆ,” ಎಂದಳು. ಆ ರಾತ್ರಿ ಬಸವರಾಜನ ಹೆಂಡತಿ ಕಡಲೆಹಿಟ್ಟಿನ ಜುಣಕ, ರೊಟ್ಟಿ ಮಾಡಿದ್ದಳು. ಅರ್ಧಕ್ಕೇ ಎದ್ದೆ.

ಮೂರನೆಯ ದಿನ ನಾನು ಹೋಗುವಷ್ಟರಲ್ಲಿ ಪ್ರಾಜಕ್ತಾ ನಗುತ್ತಿದ್ದಳು. ಫೋನ್ ಹತ್ತಿದೆ, ಬರುತ್ತಿದ್ದಾರೆ, ಆದರೆ ನೀವು ಅವರೊಂದಿಗೆ ವರದಿಯ ಮಾತು ಎತ್ತಬಾರದು ಎಂದಳು. ಹತ್ತೂವರೆಗೆ ಜವಾನ ಬಂದು “ಸುನಂದಾ ಪಾಟೀಲ!” ಎಂದು ಕೂಗಿದ. ನಾನು ಎದ್ದು ನಿಂತೆ. ಬಾಗಿಲ ಬಳಿಯ ಕುರ್ಚಿಯಿಂದ ಕಂಪನಿಯ ನೀಲಿ ಕೋಟು ಹಾಕಿದ್ದ ಹೆಂಗಸೊಬ್ಬಳೂ ಎದ್ದಳು. ಕಪ್ಪಗೆ, ತೆಳ್ಳಗೆ ಇದ್ದಳು.

“ನಿಮ್ಮ ಹೆಸರೂ ಅದೇ ಏನ್ರಿ?” ಎಂದು ನನ್ನ ಸೀರೆ ಉಟ್ಟ ರೀತಿ ನೋಡಿಯೋ ಏನೋ ಕನ್ನಡದಲ್ಲೇ ಕೇಳಿದಳು. ಅವಳ ತವರು ನಮ್ಮ ಗಡಿಯ ಅಕ್ಕಲಕೋಟದ ಹತ್ತಿರ. ಭೋಸರಿಯ ಕಾರ್ಖಾನೆಯೊಂದರಲ್ಲಿ ರಬ್ಬರ್ ವಾಷರು ಪ್ಯಾಕ್ ಮಾಡುವ ಕೆಲಸ.

“ರಿಪೋರ್ಟ್ ಮೊಬೈಲಿಗೆ ಬರ್ತದ ಅಂದಿದ್ರು. ಬರಲಿಲ್ಲ. ಏನೂ ಇರಲಿಕ್ಕಿಲ್ಲ ಅಂತ ಸುಮ್ಮನಾದೆ,” ಎಂದಳು. “ನೀವು ಯಾಕ ಬಂದೀರಿ?”

“ಹೆಸರು ಅದಲಿಬದಲಿ ಆಗಿತ್ತು. ತಿದ್ದಿಸಾಕ ಬಂದೆ,” ಎಂದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

ಡಾಕ್ಟರ ಕೋಣೆಯ ಬಾಗಿಲಲ್ಲಿ ನರ್ಸಮ್ಮ ನನ್ನನ್ನು ತಡೆದರು. ಸುನಂದಾ ನನ್ನ ಮುಂಗೈ ಹಿಡಿದು, “ಇರ್ಲಿ ಬಿಡ್ರಿ, ನನಗ ಜೊತಿಗಿ ಯಾರೂ ಇಲ್ಲ,” ಎಂದಳು. ಅದನ್ನೇ ಮರಾಠಿಯಲ್ಲಿಯೂ ಹೇಳಿದಳು. ಇಬ್ಬರೂ ಒಳಗೆ ಹೋದೆವು. ಡಾಕ್ಟರು ನಿಧಾನವಾಗಿ ಹೇಳುವಾಗ ಅವಳು ಅಳಲಿಲ್ಲ, ಕೋಟಿನ ಗುಂಡಿ ತಿರುವುತ್ತ ಕೇಳಿದಳು. ಅತ್ತವಳು ನಾನು.

ಹೊರಗೆ ಬಂದು ಪ್ರಾಜಕ್ತಾಳಿಗೆ ಒಟಿಪಿ ಹೇಳಿದೆ. ವರದಿ ನನ್ನ ಮೊಬೈಲಿನಿಂದ ಹೋಯಿತು.

ಬಸ್‌ಸ್ಟಾಪಿನವರೆಗೆ ಸುನಂದಾ ಜೊತೆಗೆ ಬಂದಳು. ದಾರಿಯಲ್ಲಿ ನನ್ನ ನಂಬರು ಬರೆದುಕೊಂಡಳು. ಬಸ್ಸು ಕಾಣಿಸಿಕೊಂಡಾಗ ಕೇಳಿದಳು, “ನಿಮಗ ಎಂದ ಗೊತ್ತಾತು?”

“ಎರಡ ವಾರ ಆತು.”

“ಎರಡ ವಾರ,” ಎಂದಳು. “ನನ್ನ ಮೈಯಾಗಿಂದು ನಿಮಗ ಗೊತ್ತಿತ್ತು. ನನಗ ಗೊತ್ತಿರಲಿಲ್ಲ.”

ಸಿಟ್ಟೋ, ಉಪಕಾರ ಸ್ಮರಣೆಯೋ, ದನಿಯಿಂದ ತಿಳಿಯಲಿಲ್ಲ. ಕೇಳಬೇಕೆನ್ನುವಷ್ಟರಲ್ಲಿ ಬಸ್ಸು ನಿಂತಿತು. ನನ್ನ ಚೀಲವನ್ನು ಅವಳೇ ಮೇಲೆತ್ತಿ ಕೊಟ್ಟಳು.

ಇಂಡಿಗೆ ಬಂದ ಒಂಬತ್ತನೆಯ ದಿನ ಅವಳ ಫೋನ್ ಬಂತು. ಗಂಟು ಕೆಟ್ಟದ್ದೇ, ಆದರೆ ಸಣ್ಣದು, ಆಪರೇಷನ್ನಿಗೆ ದಿನ ಗೊತ್ತಾಗಿದೆ ಎಂದಳು. ನಾನೇನೂ ಕೇಳಿರಲಿಲ್ಲ. “ಈ ಸಲ ನಾನಽ ಹೇಳಬೇಕು ಅನಿಸ್ತು,” ಎಂದಳು.