ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸ್ವಿಚ್ ಕೋಣೆಯೊಳಗೆ ಲೈನ್‌ಮನ್ನನ ಹೆಂಡತಿ ಸ್ಟೂಲ್ ಹಾಕಿಕೊಂಡು, ಲೈನಿನ ಸ್ವಿಚ್ಚಿನ ಕಬ್ಬಿಣದ ಹಿಡಿಗೆ ಬೆನ್ನು ಕೊಟ್ಟು ಬೆಳ್ಳುಳ್ಳಿ ಬಿಡಿಸುತ್ತಿದ್ದಾರೆ. ನಾಲ್ಕು ಎಸಳು ಬಿಡಿಸುವಷ್ಟರಲ್ಲಿ ಎದ್ದು ಬಾಗಿಲಿಂದ ದಾರಿ ನೋಡುತ್ತಾರೆ, ಮತ್ತೆ ಬಂದು ಕೂರುತ್ತಾರೆ.

"ಅವರು ಕಂಬ ಹತ್ತಿದಾರೆ ಅಂದ್ರೆ ನನಗೆ ಜೀವ ಒಂದು ಕಡೆ ನಿಲ್ಲಲ್ಲ."

ಇದು ಜನಕ್ಕಿಂತ ಕಂಬಗಳೇ ಹೆಚ್ಚಿರುವ ಜಿಲ್ಲೆ. ಒಂದೂರು ಬಿಟ್ಟರೆ ಇನ್ನೊಂದೂರು ಸಿಗಲು ಬೈಕಿನಲ್ಲೂ ಗಂಟೆ ಹಿಡಿಯುತ್ತದೆ. ನಡುವೆ ಬಯಲು, ಕುರುಚಲು ಗುಡ್ಡ, ಮತ್ತೆ ಬಯಲು. ತಂತಿಯ ತುದಿಯ ಊರಲ್ಲಿ ಇರುವುದೇ ಐದು ಮನೆ. ಇಷ್ಟಕ್ಕೂ ಒಬ್ಬನೇ ಲೈನ್‌ಮನ್. ಗಾಳಿ ಬೀಸಿದರೆ ಎಲ್ಲೋ ತಂತಿ ಕಡಿಯುತ್ತದೆ. ಆತ ಲೈನ್ ಬಂದ್ ಮಾಡಿ ಹೊರಡುತ್ತಾನೆ. ಮುಂದೆ ಮೊಬೈಲ್ ಸಿಗುವುದಿಲ್ಲ. ಆತ ಬರುವವರೆಗೆ ಯಾರೂ ಸ್ವಿಚ್ ಹಾಕದಂತೆ ಕಾಯುವುದು ಈಕೆಯ ಕೆಲಸ. ಸಂಬಳವೂ ಇಲ್ಲ, ಹಾಜರಿಯೂ ಇಲ್ಲ.

ಮದುವೆಯ ಹೊಸತರಲ್ಲಿ, ಗಂಡನಿಗೆ ಕೆಲಸ ಕಲಿಸಿದ ಹಿರಿಯ ಲೈನ್‌ಮನ್ ಕಂಬದ ಮೇಲಿದ್ದಾಗ ಯಾರೋ ಇಲ್ಲಿ ತೂಗುಹಾಕಿದ್ದ 'ಸ್ವಿಚ್ ಹಾಕಬೇಡಿ' ಬೋರ್ಡು ನೋಡದೆ ಸ್ವಿಚ್ ಹಾಕಿಬಿಟ್ಟರು.

"ಮಾವ ಅಂತಿದ್ದೆ ಅವರನ್ನ. ಹಿಂದಿನ ದಿನ ನಮ್ಮನೇಲೇ ಉಂಡು, ಉಪ್ಪು ಕಮ್ಮಿ ಅಂತ ನನ್ನ ಗೋಳು ಹುಯ್ಕೊಂಡಿದ್ರು. ಮಣ್ಣು ಮಾಡಿ ಬಂದ ಮಾರನೇ ದಿನವೇ ಇವರು ಕಂಬ ಹತ್ತೋಕೆ ಹೊರಟ್ರು. ನಾನು ಸ್ಟೂಲ್ ತಗೊಂಡು ಇಲ್ಲಿಗೆ ಬಂದೆ."

ಹೋದ ತಿಂಗಳು ಹಿಟ್ಟಿನ ಗಿರಣಿಯವನು ಬಂದ. "ಜನ ಕಾಯ್ತಿದಾರೆ ಅಕ್ಕ, ಹತ್ತು ನಿಮಿಷ ಹಾಕಿ ತೆಗೀರಿ."

"ಅವರು ಬರ್ಲಿ ಅಣ್ಣ."

ಅವನು ಗೊಣಗಿದ, ಬೈದ, ಕೊನೆಗೆ ತಾನೇ ಕೈ ಹಾಕಿದ. ಈಕೆ ತಿರುಗಿ ಹಿಡಿಯನ್ನು ಎರಡೂ ತೋಳಲ್ಲಿ ತಬ್ಬಿಕೊಂಡರು. "ಮೊದಲು ನನ್ನ ಕೈ ಮುರಿ, ಆಮೇಲೆ ಹಾಕು." ಅವನು ಭುಜ ಹಿಡಿದು ಎಳೆದ. ತೋಳಿನ ಬಟ್ಟೆ ಹರಿಯಿತೇ ಹೊರತು ಹಿಡಿತ ಸಡಿಲಲಿಲ್ಲ. ಅವನು ಕಾಲಪ್ಪಳಿಸುತ್ತಾ ಹೋದ ಮೇಲೂ, ಗಂಡನ ಬೈಕಿನ ಸದ್ದು ಕೇಳುವವರೆಗೆ ಈಕೆ ಹಾಗೆಯೇ ಇದ್ದರು. ಗಿರಣಿಯವನು ಹಿಡಿಗೆ ಕೈ ಹಾಕಿದ ಹೊತ್ತಿನಲ್ಲಿ ಗಂಡನ ಎರಡೂ ಕೈ ತಂತಿಯ ಮೇಲಿದ್ದವು.

ಗಿರಣಿಯವನು ಮಾರನೇ ದಿನ ಬಂದು ತಪ್ಪಾಯಿತೆಂದ. ಈಗ ಲೈನ್ ಹೋದರೆ ಬಾಗಿಲಲ್ಲೇ ನಿಂತು "ಅವರು ಕಂಬ ಇಳಿದ್ರಾ ಅಕ್ಕ?" ಎಂದು ವಿಚಾರಿಸಿ ಹೋಗುತ್ತಾನೆ.

ತುದಿಯ ಆ ಊರು ಹೇಗಿದೆ ಎಂದರೆ ನಗುತ್ತಾರೆ. "ನೋಡೇ ಇಲ್ಲ. ಅವರು ಅಲ್ಲಿಗೆ ಹೋದಾಗ ನಾನಿಲ್ಲಿ ಇರ್ಬೇಕಲ್ಲ. ಕೆಲಸ ಇಲ್ಲದ ದಿನ ಒಂದ್ಸಲ ಕರ್ಕೊಂಡು ಹೋಗಿ ಅಂದಿದೀನಿ, ಮುಸ್ಸಂಜೆ ಹೊತ್ತಿಗೆ. ಐದೂ ಮನೇಲಿ ದೀಪ ಹತ್ತೋದು ನೋಡ್ಬೇಕು."