ನಾಯಿಕಿವಿಯ ಟೋಪಿ

ನನ್ನತ್ತೆಯ ಹೆಸರು ಬಾತಿಯ್ನಾ. ಅವರು ಬದುಕಿರುವಷ್ಟು ಕಾಲ ಈ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮಲ್ಲಿ ಸೊಸೆಯಾದವಳು ಹೇಳುವಂತಿಲ್ಲ. ಈಗ ಬರೆದೇಬಿಟ್ಟಿದ್ದೇನೆ. ಅಲ್ಲಿಂದಲೇ ಬೈಯಲಿ, ಅವರ ಬೈಗುಳ ಕೇಳದೆ ಎಷ್ಟೋ ವರ್ಷವಾಯಿತು.

ಅವರು ಮಕ್ಕಳ ಟೋಪಿ ಹೆಣೆಯುತ್ತಿದ್ದರು, ಆದರೆ ಒಂದು ಮಗುವಿನ ತಲೆಯನ್ನೂ ಅಳೆಯುತ್ತಿರಲಿಲ್ಲ. ದಾರ ಹಿಡಿದು ಅಳೆಯುವುದು ಸತ್ತವರನ್ನು, ಬದುಕಿರುವ ಮಗುವನ್ನಲ್ಲ ಎಂದು ಅವರ ವಾದ. ಹುಟ್ಟಿದ ಕೂಸಿಗೆ ಚಹಾದ ಬಟ್ಟಲು, ಕೂರಲು ಕಲಿತದ್ದಕ್ಕೆ ಸಾರಿನ ಬೋಗುಣಿ, ಓಡಾಡುವುದಕ್ಕೆ ಚಹಾದ ಕೆಟಲು, ಅದಕ್ಕೂ ದೊಡ್ಡದಕ್ಕೆ ಹಾಲು ಕಾಯಿಸುವ ಪಾತ್ರೆ. ಇವೇ ಅವರ ಅಳತೆಗಳು. ತೊಳೆದ ಟೋಪಿಗಳನ್ನು ಆಯಾ ಪಾತ್ರೆಯ ಮೇಲೆ ಹಾಕಿ ಕಿಟಕಿಯಲ್ಲಿ ಒಣಗಲು ಇಟ್ಟರೆ, ಬೀದಿಯಲ್ಲಿ ಹೋಗುವವರಿಗೆ ನಾಯಿಗಳು ಸಾಲಾಗಿ ಕೂತು ಹೊರಗೆ ಇಣುಕಿದಂತೆ ಕಾಣುತ್ತಿತ್ತು. ಟೋಪಿ ಒಣಗುವವರೆಗೆ ಮನೆಯವರಿಗೆ ಬಟ್ಟಲೂ ಇಲ್ಲ, ಕೆಟಲೂ ಇಲ್ಲ. ಹೊಸ ಮದುವಣಗಿತ್ತಿ ನಾನು, ತಗಡಿನ ಡಬ್ಬಿಯಲ್ಲಿ ಚಹಾ ಕುಡಿದು ಮನಸ್ಸಿನಲ್ಲೇ ಗೊಣಗಿಕೊಂಡಿದ್ದೇನೆ. ಇವತ್ತು ಆ ಕಿಟಕಿ ಖಾಲಿ. ಬಟ್ಟಲುಗಳು ಬೇಕಾದಷ್ಟಿವೆ, ಚಹಾ ರುಚಿಸುವುದಿಲ್ಲ.

ಹೆಣಿಗೆಯೇನೂ ಬ್ರಹ್ಮವಿದ್ಯೆಯಲ್ಲ. ಚೀಲದ ಹಾಗೆ ನೇರಕ್ಕೆ ಹೆಣೆದುಕೊಂಡು ಹೋಗಿ ಮೇಲ್ಗಡೆ ಅಡ್ಡಕ್ಕೆ ಹೊಲಿಯುವುದು. ಎರಡು ಮೂಲೆ ಉಳಿಯುತ್ತವಲ್ಲ, ಅವನ್ನು ದಾರದಿಂದ ಬಿಗಿದು ಕೆಳಕ್ಕೆ ಬಗ್ಗಿಸಿ ಹೊಲಿಗೆ ಹಾಕಿದರೆ ಜೋಲುಕಿವಿ. ಭಾನುವಾರದ ದನದ ಸಂತೆಗೆ ಅಟ್‌ಬಾಶಿಗೆ ಹೋದಾಗ ಪಟ್ಟಣದ ಹೆಂಗಸೊಬ್ಬಳು ಬೆಕ್ಕಿನ ಕಿವಿ ಮಾಡಿಕೊಡಿ ಎಂದಳು.

"ಬೆಕ್ಕು ಒಲೆ ಪಕ್ಕ ಬಿದ್ಕೊಂಡಿರುತ್ತಮ್ಮಾ," ಎಂದರು ಅತ್ತೆ. "ಮಗು ಅಂದ್ರೆ ನಾಯಿಮರಿ ಥರ ಇರಬೇಕು. ಎಲ್ಲಿ ಬಿದ್ರೂ ಎದ್ದು ಬರಬೇಕು."

ಕೆಟ್ಟ ಕಣ್ಣು ಬಂದರೂ, ಇದು ಮಗುವಲ್ಲ, ಯಾವುದೋ ನಾಯಿಮರಿ ಎಂದುಕೊಂಡು ಮುಂದಿನ ಮನೆಗೆ ಹೋಗಲಿ ಎಂಬುದೇ ಆ ಕಿವಿಗಳ ಉಪಾಯ.

ಊರ ಮಕ್ಕಳಿಗೆಲ್ಲ ಉಪಾಯ ಫಲಿಸಿತು, ನಮ್ಮ ಮನೆಯಲ್ಲಿ ಫಲಿಸಲಿಲ್ಲ. ನನ್ನ ಮೊದಲ ಮಗು ಬಟ್ಟಲಿನ ಟೋಪಿಯಲ್ಲೇ ಹೋಯಿತು. ಎರಡನೆಯದು ಬೋಗುಣಿಯವರೆಗೆ ಬಂದು ಹೋಯಿತು. ಮೂರನೆಯದು ಹೆಣ್ಣು, ಚಳಿಗಾಲದಲ್ಲಿ ಹುಟ್ಟಿತು. ಅತ್ತೆ ತಮ್ಮ ಉಣ್ಣೆಯ ಬುಟ್ಟಿಯನ್ನು ಕಾಲಿನಿಂದ ಪಕ್ಕಕ್ಕೆ ನೂಕಿದರು.

"ನನ್ನ ದಾರದಲ್ಲಿ ಆಯುಸ್ಸಿಲ್ಲ ಮಗಳೇ," ಎಂದರು. "ಮಕ್ಕಳು ಉಳಿದಿರೋ ಮನೆಗಳಿಂದ ಬೇಡಿ ತರ್ತೀನಿ."

ಹಳೆಯ ಪದ್ಧತಿಯೇ ಅದು. ಆದರೆ ಬೇಡಬೇಕಾದವರು ನನ್ನತ್ತೆ! ಉಪ್ಪಿಗೂ ನೆರೆಮನೆಯ ಕದ ತಟ್ಟದ ಹೆಂಗಸು, ಕೋಪ ಸದಾ ಮೂಗಿನ ತುದಿಯಲ್ಲಿ. ಆದರೂ ಹೋದರು. ಮನೆಮನೆ ತಿರುಗಿ, ಮಕ್ಕಳ ಹಳೆಯ ಕಾಲುಚೀಲ, ಕೈಗವಸುಗಳಿಂದ ಬಿಚ್ಚಿದ ಎಳೆಗಳನ್ನು ಸೆರಗಿನಂತೆ ಹಿಡಿದ ಶಾಲಿನಲ್ಲಿ ತಂದರು. ಉಳಿದದ್ದು ಎದುರುಮನೆ. ಅಲ್ಲಿ ಸುಯುನ್‌ಕಾನ್. ಹೆತ್ತ ಎಂಟೂ ಮಕ್ಕಳು ಕಲ್ಲುಗುಂಡಿನ ಹಾಗಿದ್ದವು. ಆ ಮನೆಯ ದಾರವಿಲ್ಲದಿದ್ದರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಇಬ್ಬರಿಗೂ ಹಾವು ಮುಂಗುಸಿಯ ಸಂಬಂಧ. ಸುಯುನ್‌ಕಾನ್ ಮನೆಯ ಔತಣವೊಂದರಲ್ಲಿ, ಪಂಕ್ತಿಯ ಹಿರಿಯ ಹೆಂಗಸಿಗೆ ಸಲ್ಲಬೇಕಾದ ಕುರಿಯ ಹಿಂಬದಿಯ ಮಾಂಸವನ್ನು ಅತ್ತೆಗಿಂತ ಕಿರಿಯಳಾದ ಯಾರಿಗೋ ಬಡಿಸಿದ್ದರು. ನಮ್ಮಲ್ಲಿ ಅದು ಕಪಾಳಕ್ಕೆ ಹೊಡೆದ ಹಾಗೆ. ಅಂದಿನಿಂದ ಇವರ ಟೋಪಿ ಅವರ ಮನೆಗಿಲ್ಲ, ಅವರ ನೆರಳು ಇವರ ಅಂಗಳಕ್ಕಿಲ್ಲ.

ನಲವತ್ತು ದಿನ ತುಂಬದ ಬಾಣಂತಿ ನಾನು, ಹೊಸಿಲು ದಾಟುವಂತಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ.

"ಓಹೋ, ಬಾತಿಯ್ನಾ! ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ?" ಎಂದರು ಸುಯುನ್‌ಕಾನ್, ಗೇಟಿಗೆ ಒರಗಿಕೊಂಡು.

"ದಾರ ಬೇಕಿತ್ತು."

"ಮನೆ ತುಂಬಾ ದಾರ ಇಟ್ಕೊಂಡು ನನ್ನ ಹತ್ರ ಕೇಳ್ತೀಯಾ?"

"ನಿನ್ನ ಮಕ್ಕಳ ಮೈಮೇಲಿಂದು. ಒಂದೆಳೆ ಸಾಕು."

"ಕೇಳಿಸ್ಲಿಲ್ಲ ಕಣೇ, ಗಾಳಿ. ಜೋರಾಗಿ ಹೇಳು."

ಗಾಳಿ ಎಲ್ಲಿತ್ತು? ಹೊಗೆ ನೆಟ್ಟಗೆ ಮೇಲಕ್ಕೇರುತ್ತಿತ್ತು. ಅಕ್ಕಪಕ್ಕದವರೆಲ್ಲ ಸಗಣಿ ಬೆರಣಿ ತರುವ ನೆಪದಲ್ಲಿ ಅಂಗಳಕ್ಕೆ ಬಂದು ನಿಂತಿದ್ದರು. ಅತ್ತೆ ಈಗ ತಿರುಗಿ ಬರುತ್ತಾರೆ ಎಂದುಕೊಂಡೆ.

"ಭಿಕ್ಷೆ ಹಾಕೇ ಸುಯುನ್‌ಕಾನ್!" ಬೀದಿಗೆಲ್ಲ ಕೇಳುವಂತೆ ಕೂಗಿದರು ಅತ್ತೆ. "ನಿನ್ನ ಮಕ್ಕಳೆಲ್ಲ ಉಳಿದ್ವು. ನನ್ನ ಮೊಮ್ಮಕ್ಕಳು ಉಳೀಲಿಲ್ಲ. ಇದೊಂದು ಉಳೀಬೇಕು!"

ಸುಯುನ್‌ಕಾನ್ ಪಕ್ಕದಲ್ಲಿ ಮೂಗು ಸುರಿಸುತ್ತ ನಿಂತಿದ್ದ ಕೊನೆಯ ಮಗನನ್ನು ಎಳೆದುಕೊಂಡು, ಅವನ ಸ್ವೆಟರಿನ ತೋಳಿನ ಅಂಚನ್ನು ಹಲ್ಲಿನಿಂದ ಕಚ್ಚಿ ಬಿಚ್ಚತೊಡಗಿದರು. ಒಂದೆಳೆ ಕೇಳಿದರೆ ಇಡೀ ತೋಳನ್ನೇ ಬಿಚ್ಚಿ ಉಂಡೆ ಮಾಡಿದರು. ಹುಡುಗ ಒಂಟಿತೋಳಿನಲ್ಲಿ ನಿಂತು ರಂಪ ಮಾಡಿದ.

"ತಗೋ. ಕಿವಿ ಸ್ವಲ್ಪ ಉದ್ದ ಮಾಡು, ನೀನು ಮಾಡೋದೆಲ್ಲ ಮೋಟುಕಿವಿ," ಎಂದರು.

ಆಮೇಲೆ ಇಬ್ಬರಿಗೂ ಮಾತು ಕೂಡಿತು, ಜಗಳವಾಡಲಿಕ್ಕಾದರೂ.

ಟೋಪಿ ಬಣ್ಣಬಣ್ಣದ ತೇಪೆಯಂತಿತ್ತು, ನೋಡಲು ಅಸಹ್ಯ. ಅಸಹ್ಯವಾಗಿರಬೇಕಾದದ್ದೇ. ಮಗಳಿಗೆ ತುರ್ಸುನಾಯ್ ಎಂದು ಹೆಸರಿಟ್ಟರೂ ಯಾರೂ ಹಾಗೆ ಕರೆಯುವಂತಿರಲಿಲ್ಲ. ಎಲ್ಲರ ಬಾಯಲ್ಲೂ ಕುಚುಕ್, ಅಂದರೆ ನಾಯಿಮರಿ. ಮುದ್ದು ಬಂದರೂ "ಥೂ, ಎಂಥ ಕೊಳಕು ಮರಿ" ಎನ್ನಬೇಕು. ಬೋಗುಣಿಯ ವರ್ಷವನ್ನು ನಾನು ಉಸಿರು ಬಿಗಿಹಿಡಿದೇ ಕಳೆದೆ. ಅವಳು ಕೆಮ್ಮಿದರೆ ಅತ್ತೆಯ ಕೈಯ ಕಡ್ಡಿಗಳು ನಿಂತುಬಿಡುತ್ತಿದ್ದವು. ಪ್ರತಿ ಶರತ್ಕಾಲ ಹಳೆಯದನ್ನು ಬಿಚ್ಚಿ, ಇನ್ನಷ್ಟು ದಾರ ಬೇಡಿ ತಂದು, ದೊಡ್ಡದಾಗಿ ಹೆಣೆಯುತ್ತಿದ್ದರು. ನಮ್ಮ ಮನೆಯ ಮಗುವಿಗೆಂದು ಮೊದಲ ಸಲ ಕೆಟಲಿನ ಮೇಲೆ ಟೋಪಿ ಕೂರಿಸಿದ ದಿನ ಅವರು ಗೋಡೆಯ ಕಡೆ ತಿರುಗಿ ಅತ್ತರು. ನಾನೂ ಅತ್ತುಬಿಟ್ಟೆ, ಕಟ್ಟಿಗೆಯ ಹೊಗೆ ಎಂದೆ.

ಹೀಗೆ ಹಾಲಿನ ಪಾತ್ರೆಯವರೆಗೆ ಬಂದೆವು. ಸೆಪ್ಟೆಂಬರ್ ಒಂದು, ಶಾಲೆಯ ಮೊದಲ ದಿನ. ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿತ್ತು. ನಮ್ಮವರು ನಾರಿನ್ ಪಟ್ಟಣದಿಂದ ತಂದ ಬಿಳಿ ರಿಬ್ಬನ್ನುಗಳಿಂದ ಅವಳ ಎರಡೂ ಜಡೆಗೆ ಎಲೆಕೋಸಿನಷ್ಟು ದೊಡ್ಡ ಹೂ ಕಟ್ಟಿದ್ದೆ. ಅದರ ಮೇಲೆ ಅತ್ತೆ ಹೊಸ ಟೋಪಿ ಒತ್ತಿದರು. ಬೀದಿಗಿಳಿದ ಮಗಳು ಸುಯುನ್‌ಕಾನ್ ಮನೆಯ ಮಕ್ಕಳನ್ನು ಕಂಡದ್ದೇ ನಿಂತಳು.

"ಚೊಂಗಪಾ, ನಾನು ಇದು ಹಾಕಲ್ಲ! ಹೂವೆಲ್ಲ ಅಪ್ಪಚ್ಚಿ ಆಯ್ತು!"

"ಚಳಿ ಕಣೇ ಕುಚುಕ್," ಎಂದರು ಚೊಂಗಪಾ, ಅಂದರೆ ಅವಳ ಅಜ್ಜಿ.

"ನಾನು ಕುಚುಕ್ ಅಲ್ಲ! ನಾನು ತುರ್ಸುನಾಯ್!"

ಟೋಪಿಯನ್ನು ಕಿತ್ತು ಬೀದಿಬದಿಯ ಕಾಲುವೆಗೆ ಎಸೆದೇಬಿಟ್ಟಳು. ಊರಿನ ಎಳೆಗಳೆಲ್ಲ ಸೇರಿದ್ದ ಟೋಪಿ! ಜೊತೆಗೆ ಬೀದಿಯಲ್ಲಿ, ಬಾಯಿತುಂಬ ತನ್ನ ಹೆಸರು! ಭಯಕ್ಕೋ ಸಿಟ್ಟಿಗೋ ನನ್ನ ಕೈ ಮೇಲೆದ್ದಿತು. ಅತ್ತೆ ಆ ಕೈಯನ್ನು ಗಟ್ಟಿಯಾಗಿ ಹಿಡಿದರು.

"ಬಾತಿಯ್ನಾ, ನಿನ್ನ ಟೋಪಿ ತೇಲಿ ಹೋಗ್ತಿದೆ ನೋಡೇ!" ಎದುರು ಗೇಟಿನಿಂದ ಸುಯುನ್‌ಕಾನ್ ಕೂಗಿದರು.

ಅತ್ತೆ ಆ ಕಡೆ ತಿರುಗಲಿಲ್ಲ. ಶಾಲೆಯತ್ತ ಓಡುತ್ತಿದ್ದ ಬಿಳಿ ರಿಬ್ಬನ್ನುಗಳನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಹೊಡೀಬೇಡ ಮಗಳೇ," ಎಂದರು. "ಅವಳಿಗೆ ನಾಚಿಕೆ ಆಗ್ತಿದೆ, ನೋಡಿದ್ಯಾ? ನಾಚಿಕೆ ಆಗೋವಷ್ಟು ದೊಡ್ಡೋಳಾದ್ಲು."