ದತ್ತೂ ಕಾಕಾನ ಚಿಲಿಮಿ ಆರುವ ಹೊತ್ತು

ಹಾಡು ಮನಸ್ಸಿಗೆ ಹಿಡಿಸಿದರೆ ಕೆಲವರು ವಾಹ್ ಅನ್ನುತ್ತಾರೆ, ಕೆಲವರು ತೊಡೆ ತಟ್ಟುತ್ತಾರೆ. ನಮ್ಮ ದತ್ತೂ ಕಾಕಾ ಇದೇನೂ ಮಾಡುತ್ತಿರಲಿಲ್ಲ. ಅವರ ಬಾಯಲ್ಲಿದ್ದ ಚಿಲಿಮಿ ಆರಿಹೋಗುತ್ತಿತ್ತು, ಅಷ್ಟೆ. ಹೊಗೆ ಎಳೆಯುವುದನ್ನೇ ಮರೆತು ಕೂತರೆ ಬೆಂಕಿ ಎಷ್ಟು ಹೊತ್ತು ನಿಂತೀತು? ಅವರು ಎಲ್ಲಿಯಾದರೂ ಹಾಡಿನ ಬೈಠಕ್ ಕೇಳಿ ಬಂದರೆ ಸಾಕು, ನಿಪ್ಪಾಣಿಯ ನಮ್ಮ ಓಣಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಕಾಕಾ, ಆರ್ತೇನ್ರಿ?" ಅವರು ತಲೆ ಅಲ್ಲಾಡಿಸಿ "ಇಲ್ಲೋ ಮಾರಾಯಾ, ಕಡೀತನಾ ಉರೀತು" ಅಂದರೆ ಆ ಗಾಯಕನ ಕತೆ ಮುಗಿದಂತೆ.

ಚಿಲಿಮಿ ಅಂದರೆ ಮಣ್ಣಿನದಲ್ಲ, ಡೊಂಕು ಕತ್ತಿನ ಕಟ್ಟಿಗೆಯ ಪೈಪು. ಕಾಕಾ ತಂಬಾಕಿನ ದಲಾಲರಾಗಿದ್ದಾಗ ದೂರದ ಊರಿನ ವ್ಯಾಪಾರಿಯೊಬ್ಬ ಪ್ರೀತಿಯಿಂದ ಕೊಟ್ಟು ಹೋದದ್ದು. ಮನೆಮನೆಯಲ್ಲೂ ಬೀಡಿ ಕಟ್ಟುವ ನಮ್ಮೂರಲ್ಲಿ ಪೈಪು ಸೇದುವವನು ಅಂದರೆ ನಗೆಪಾಟಲು. "ಬರ್ರಿ ಸಾಹೇಬ್ರ" ಎಂದು ಗೆಳೆಯರು ಕಾಡಿಸುತ್ತಿದ್ದರು. ಕಾಕಾ ಮಾತ್ರ ಅದನ್ನು ಕಡೆಯವರೆಗೂ ಚಿಲಿಮಿ ಎಂದೇ ಕರೆದರು. ಊರಿನದೇ ಎಲೆ ಸಣ್ಣಗೆ ಹೆಚ್ಚಿ, ಬೆಲ್ಲದ ನೀರು ಚಿಮುಕಿಸಿ, ಮೊರದಲ್ಲಿ ಹರವಿ ನೆರಳಿಗೆ ಇಡುತ್ತಿದ್ದರು. ದಿನಕ್ಕೆ ಒಂದೇ ಸಲ, ಹೊತ್ತು ಮುಳುಗಿ ದೀಪ ಹಚ್ಚುವ ಮೊದಲು, ಹೊರಗಿನ ಕಟ್ಟೆಯ ಮೇಲೆ ಅದನ್ನು ಹೊತ್ತಿಸುವುದು. ಅದಕ್ಕೆ ಜೊತೆ ಮಾರವಾ ರಾಗವೇ ಆಗಬೇಕು. ಹಳೇ ಟೇಪು ಗೊರಗೊರ ಅನ್ನುತ್ತ ತಿರುಗುತ್ತಿತ್ತು. "ಮಾರವಾದಾಗ ಸಾ ಸ್ವರ ಲಗೂನ ಮನಿಗಿ ಬರೂದಿಲ್ಲವಾ. ಕಾಯಬೇಕು. ಕಾಯಾಕ ಕೈಯಾಗ ಏನರ ಬೇಕಲ್ಲಾ?" ಎಂದು ಪೈಪು ತೋರಿಸುತ್ತಿದ್ದರು.

ನಾನು ಅಥಣಿಯಿಂದ ಈ ಓಣಿಗೆ ಸೊಸೆಯಾಗಿ ಬಂದವಳು. ತವರಲ್ಲಿ ಸಂಗೀತ ಕಲಿತಿದ್ದೆ. ಇಲ್ಲಿ ಅತ್ತೆ ಮೊದಲ ವಾರವೇ "ಹಾಡೂದು ಕುಣಿಯೂದು ನಮ್ಮ ಮನ್ಯಾಗ ಇಲ್ಲವಾ" ಅಂದುಬಿಟ್ಟರು. ತಂಬೂರಿ ಅಟ್ಟ ಸೇರಿತು. ಸಿಟ್ಟು ಬಂದಿತ್ತು, ಬಾರದೆ ಇರುತ್ತದೆಯೇ? ಯಾರ ಮೇಲೆ ತೀರಿಸಿಕೊಳ್ಳಲಿ? ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತ, ಹಿತ್ತಲಲ್ಲಿ ತಿಕ್ಕುವಾಗ ಗುನುಗುತ್ತಿದ್ದೆ. ಹಿತ್ತಲ ಗೋಡೆಯ ಆಚೆಯೇ ದತ್ತೂ ಕಾಕಾನ ಮನೆ ಎಂಬುದು ನನ್ನ ಪುಣ್ಯ. ಒಂದು ಸಂಜೆ ಬಾಗಿಲಲ್ಲಿ ಅವರು ನಿಂತಿದ್ದರು, ಕೈಯಲ್ಲಿ ಪೈಪು. ಅತ್ತೆಗೆ ಹೇಳಿದರು:

"ವೈನಿ, ನಮ್ಮ ಟೇಪ್ ಕೆಟ್ಟೈತ್ರಿ. ನನ್ನ ಚಿಲಿಮಿಗಿ ಒಂದು ಹಾಡು ಬೇಕು. ಈ ನಿಮ್ಮ ಅಥಣಿ ಹುಡುಗೀನ್ನ ಸಂಜಿಮುಂದ ಸ್ವಲ್ಪ ಕಳಸ್ರಿ. ಇಂದೂನೂ ಮನ್ಯಾಗ ಇರತಾಳ."

ಇಂದೂ ಕಾಕು ಅವರ ಹೆಂಡತಿ. ಅತ್ತೆಗೆ ಬಾಲ್ಯದ ಗೆಳತಿ. ಅತ್ತೆಗೆ ಇಲ್ಲ ಅನ್ನಲಾಗಲಿಲ್ಲ. ಟೇಪು ಕೆಟ್ಟಿರಲೇ ಇಲ್ಲ ಎಂದು ಕಾಕು ಎಷ್ಟೋ ದಿನದ ಮೇಲೆ ನಗುತ್ತ ಹೇಳಿದರು. ತಂಬೂರಿ ಅಟ್ಟದಿಂದ ಇಳಿಯಿತು. ನನ್ನ ಗಂಟಲಿಗೆ ಹೊಗೆ ತಾಗಬಾರದೆಂದು ನಾನು ಒಳಗೆ ಕಿಟಕಿಯ ಪಕ್ಕ, ಕಾಕಾ ಹೊರಗೆ ಕಟ್ಟೆಯ ಮೇಲೆ. ನಡುವೆ ಕಿಟಕಿಯ ಸರಳುಗಳು. ಸತ್ತೇ ಹೋಗಿದ್ದ ನನ್ನ ಹಾಡು ಹೀಗೆ ಮರಳಿ ಬಂತು. ಆ ಮನುಷ್ಯನಿಗೆ ನಾನು ಏನು ಕೊಟ್ಟರೂ ತೀರುವುದಿಲ್ಲ.

ಆದರೆ ಹಾಡಿದವರಿಗೆ ಆಸೆ ಹುಟ್ಟುತ್ತದೆ ನೋಡಿ. ನನ್ನ ಹಾಡಿಗೂ ಒಮ್ಮೆ ಚಿಲಿಮಿ ಆರಬೇಕು! ವರ್ಷಗಳು ಹೋದವು, ಅದು ಆರಲಿಲ್ಲ. ಕಿಟಕಿಯ ಆಚೆ ಹೊಗೆ ಏಳುತ್ತಲೇ ಇತ್ತು. ಕುಡಚಿಯಲ್ಲಿ ಯಾರದೋ ಮದುವೆಯಲ್ಲಿ ಹಲ್ಲಿಲ್ಲದ ಮುದುಕನೊಬ್ಬ ಶಹನಾಯಿ ಊದಿದ್ದಕ್ಕೆ ಕಾಕಾನ ಚಿಲಿಮಿ ಆರಿತಂತೆ. ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದರು. ನನಗೆ ಹೊಟ್ಟೆ ಉರಿಯಿತು. "ಆ ಮುದುಕಾ ಊದಿದ್ದು ಒಂದ ಸಲ. ನಾ ದಿನಾ ಹಾಡತೀನಿ" ಎಂದು ಮುಖ ದಪ್ಪಗೆ ಮಾಡಿಕೊಂಡೆ.

ಕಾಕಾ ನಕ್ಕರು. "ಏ ಅಥಣಿ, ನೀ ನನ್ನ ಚಿಲಿಮಿ ನೋಡಕೋತ ಹಾಡತಿ. ಅವಾ ಯಾರನ್ನೂ ನೋಡಲಿಲ್ಲ."

ಇಂದೂ ಕಾಕುವಿಗೆ ನನ್ನ ಮೇಲೆ ಕರುಳು. ಒಂದು ದಿನ ನನಗೂ ಹೇಳದೆ ತಂಬಾಕಿಗೆ ಇನ್ನೊಂದಿಷ್ಟು ನೀರು ಚಿಮುಕಿಸಿಟ್ಟಿದ್ದರು. ನಾನು ಹಾಡು ಶುರುಮಾಡಿದ ಸ್ವಲ್ಪ ಹೊತ್ತಿಗೇ ಹೊಗೆ ನಿಂತಿತು. ನಾನು ಹಿಗ್ಗಿ ದನಿ ಏರಿಸಿದೆ. ಅಷ್ಟರಲ್ಲಿ ಕಾಕಾ ಪೈಪನ್ನು ಕಟ್ಟೆಗೆ ಬಡಿದು ತಂಬಾಕು ಕೊಡವಿದರು. "ಹಸಿ ಐತಿ. ಇಂದೂ, ಇದು ನಿಂದ ಕೆಲಸ ಹೌದಿಲ್ಲೋ? ಸುಳ್ಳ ಆರಿಸಬ್ಯಾಡವಾ. ಪಾಪ, ಹುಡುಗಿ ಸುಮ್ಮನ ಹಿಗ್ಗತಾಳ." ಕಾಕು ನಾಲಿಗೆ ಕಚ್ಚಿಕೊಂಡು ಒಳಗೆ ಹೋದರು. ನಾನು ಅಳು ನುಂಗಿ ಮತ್ತೆ ಮೊದಲಿನಿಂದ ಹಾಡಿದೆ. ಆಮೇಲೆ ಕಾಕು ಒಂದು ಬಟ್ಟಲು ಶ್ರೀಖಂಡ ತಂದುಕೊಟ್ಟು ರಾಜಿ ಮಾಡಿಕೊಂಡರು.

ಹೋದ ವರ್ಷ ಕಾಕಾಗೆ ಕೆಮ್ಮು ಹಿಡಿಯಿತು. ಮಿರಜಿನ ಡಾಕ್ಟರು ಪುಪ್ಪಸದಲ್ಲಿ ಗಡ್ಡೆ ಎಂದರು. ಕಾಯಿಲೆ ಬಹಳ ಮುಂದೆ ಹೋಗಿತ್ತು. ನನಗೆ ಆ ಪೈಪಿನ ಮೇಲೆ, ಆ ಬೆಲ್ಲದ ವಾಸನೆಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಸಿಕ್ಕರೆ ಒಲೆಗೆ ಹಾಕುತ್ತಿದ್ದೆ. ಊರಿಗೆಲ್ಲ ಅನ್ನ ಕೊಟ್ಟ ಎಲೆಯೇ ಇರಬಹುದು, ನಮ್ಮ ಕಾಕಾನನ್ನು ತಿಂದಿತಲ್ಲ! ಕಾಕು ಪೈಪನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಕಾಕಾ ಅದಕ್ಕೆ ಜಗಳ ಆಡಲಿಲ್ಲ. ಮಾರವಾವನ್ನೂ ಕೇಳಲಿಲ್ಲ. "ಎರಡೂ ಕೂಡೇ ಇದ್ದೂವು, ಕೂಡೇ ಹೋಗಲಿ" ಅಂದರು. ಸಂಜೆ ನಾನು ಹೋದರೆ ಸುಮ್ಮನೆ ಕೂತು ಬರುವುದು, ಅಷ್ಟೇ ಆಯಿತು.

ಔಷಧಿ ಇನ್ನು ನಾಟುವುದಿಲ್ಲ, ಅವರಿಗೆ ಬೇಕಾದ್ದು ಕೊಡಿ ಎಂದು ಡಾಕ್ಟರು ಮನೆಗೆ ಕಳಿಸಿದ ಮೇಲೆ, ಒಂದು ಸಂಜೆ ಕಾಕಾ ನನ್ನ ಕೈ ಹಿಡಿದರು. ಬೆರಳುಗಳಲ್ಲಿ ಬರೀ ಎಲುಬು.

"ಅಥಣಿ, ಇವತ್ತ ಮಾರವಾ ಹಾಡತೀ ಏನು? ಚಿಲಿಮೀನೂ ಹಚ್ಚು."

ನಾನು ಕಾಕುವಿನ ಮುಖ ನೋಡಿದೆ. ಅವರು ಸೆರಗಿನಿಂದ ಕೀಲಿ ಬಿಚ್ಚಿ ಕಪಾಟು ತೆಗೆದು ಪೈಪು ನನ್ನ ಕೈಗೆ ಕೊಟ್ಟರು. ಪೈಪು ತುಂಬುವುದು ನನಗೇನು ಗೊತ್ತು? ಭಜ್ಜಿ ಮೆಣಸಿನಕಾಯಿಗೆ ಮಸಾಲೆ ತುರುಕಿದ ಹಾಗೆ ಹೆಬ್ಬೆರಳಿನಿಂದ ತುರುಕಿದೆ. ಕಾಕು ಕಡ್ಡಿ ಗೀರಿದರು. ಕಟ್ಟೆಗೆ ಒಯ್ಯಲು ಆಗುವಂತಿರಲಿಲ್ಲ, ಮಂಚವನ್ನೇ ಕಿಟಕಿಗೆ ಸರಿಸಿದ್ದೆವು. ಕಾಕಾ ಬಾಯಲ್ಲಿ ಹಿಡಿದದ್ದೇ ಹೆಚ್ಚು, ಎಳೆದದ್ದು ಎಲ್ಲೋ ಸ್ವಲ್ಪ. ನಾನು ತಂಬೂರಿ ಮಡಿಲಿಗೆ ಎಳೆದುಕೊಂಡೆ.

ಆ ದಿನ ನಾನು ಚಿಲಿಮಿ ನೋಡಲಿಲ್ಲ. ನೋಡಿದರೆ ಅಳು ಬರುತ್ತಿತ್ತು. ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಿನಿಂದಲೂ ನೀರು ಬಂತು, ಬರಲಿ ಎಂದು ಬಿಟ್ಟೆ. ಸಾ ಬರುವುದಕ್ಕೆ ಎಷ್ಟು ತಡವಾಗುತ್ತದೋ ಅಷ್ಟೂ ಒಳ್ಳೆಯದು, ಅದು ಬಂದರೆ ಹಾಡು ಮುಗಿಯುತ್ತದಲ್ಲ ಎಂದು ಜೀವ ತಡೆಯುತ್ತಿತ್ತು. ಕಡೆಗೆ ಬಂತು. ಕಣ್ಣು ತೆರೆದರೆ ಕಾಕಾ ನನ್ನನ್ನೇ ನೋಡುತ್ತಿದ್ದರು. ಪೈಪು ಎದೆಯ ಮೇಲಿತ್ತು. ಹೊಗೆ ಇರಲಿಲ್ಲ.

"ಆರ್ತು ನೋಡು" ಅಂದರು.

ತಂಬೂರಿ ಕೆಳಗಿಟ್ಟೆ. ಆಮೇಲೆ ಹೊಳೆಯಿತು. "ಕಾಕಾ, ಖರೇ ಹೇಳ್ರಿ. ನನ್ನ ಹಾಡಿಗಿ ಆರ್ತೋ, ನಾ ತುರುಕಿ ತುರುಕಿ ತುಂಬಿದ್ದಕ್ಕ ಗಾಳಿ ಆಡದ ಆರ್ತೋ?"

ಅವರಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು. ಕಾಕು ಬೆನ್ನು ನೀವಿದರು. ಉಸಿರು ಹದಕ್ಕೆ ಬಂದ ಮೇಲೆ ಹೇಳಿದರು: "ಅದು ನನಗೂ ತಿಳೀಲಿಲ್ಲವಾ. ಸುಳ್ಳ ಹ್ಯಾಂಗ ಹೇಳಲಿ? ನಾಳಿ ಬಾ. ನಾನ ತುಂಬತೀನಿ. ಹಿಂಗ ಹಾಡು. ಆವಾಗ ನೋಡೂಣು."

ಮರುದಿನ ಮಧ್ಯಾಹ್ನ, ನಾನು ಅನ್ನಕ್ಕೆ ಇಟ್ಟಿದ್ದೆ. ಗೋಡೆಯ ಆಚೆಯಿಂದ ಕಾಕುವಿನ ದನಿ ಕೇಳಿತು. ಓಡಿದೆ. ಕಾಕಾ ಹೋಗಿದ್ದರು.

ಜನ ಸೇರಿದರು. ಹೊರಡುವ ಮುಂಚೆ ಯಾರೋ ಹಿರಿಯರು ಪೈಪನ್ನು ಅವರ ಕೈಯಲ್ಲಿ ಇಡಹೋದರು, ಪ್ರೀತಿಯ ವಸ್ತು, ಜೊತೆಗೆ ಹೋಗಲಿ ಎಂದು. ಅಲ್ಲಿಯವರೆಗೆ ಕಲ್ಲಿನ ಹಾಗೆ ಕೂತಿದ್ದ ಕಾಕು ಎದ್ದು ಅದನ್ನು ಕಸಿದುಕೊಂಡರು. "ಬ್ಯಾಡ್ರಿ. ಇದು ಅಕೀದು. ಮುಂಜಾನೆ ಎದ್ದು ಕುಂತು, ನಡಗೂ ಕೈಲೆ ತುಂಬಿಟ್ಟಾರ. ಸಂಜೀಕ ಅಥಣಿ ಬರತಾಳ ಅಂದಾರ."

ಪೈಪು ಈಗ ನನ್ನ ತಂಬೂರಿಯ ಪಕ್ಕದ ಗೂಡಿನಲ್ಲಿದೆ. ಅವರು ತುಂಬಿದ ತಂಬಾಕು ಹಾಗೇ ಇದೆ, ಒಣಗಿ ಪುಡಿಯಾಗಿದೆ. ಹೊತ್ತು ಮುಳುಗುವಾಗ ಇಂದೂ ಕಾಕು ಕೋಲೂರಿಕೊಂಡು ಬಂದು ನನ್ನ ಎದುರು ಕೂಡುತ್ತಾರೆ. ನಾನು ತಂಬೂರಿ ಶ್ರುತಿ ಮಾಡುವವರೆಗೆ ಸೆರಗಿನ ಗಂಟಿನಿಂದ ಕಡ್ಡಿಪೆಟ್ಟಿಗೆ ತೆಗೆದು ಕೈಯಲ್ಲಿ ಹಿಡಿದಿರುತ್ತಾರೆ.

"ಇವತ್ತ ಹಚ್ಚಲಿ ಏನವಾ?"

"ಬ್ಯಾಡ ಕಾಕು, ಇರಲಿ" ಅನ್ನುತ್ತೇನೆ. ಕಣ್ಣು ಮುಚ್ಚಿಕೊಂಡು ಹಾಡುತ್ತೇನೆ.